ಮಿಲಿಂದನ ಚರಿತ್ರೆ ಮತ್ತು ಮೆನಾಂಡರ್ ಎಂಬ ಹೆಸರಿನ ಸಮಸ್ಯೆ

ಪ್ರಾಚೀನ ಗ್ರೀಕರಲ್ಲಿ ಮೆನಾಂಡರ್ ಎಂಬ ಹೆಸರನ್ನು ಹೊತ್ತವರು ಹಲವರು. ಕ್ರಿ.ಪೂ. 4ನೆಯ ಶತಮಾನದ ಅಥೆನ್ಸಿನ ಹಾಸ್ಯನಾಟಕಕಾರ, ಅಲೆಕ್ಸಾಂಡರನು ಲಿಡಿಯಾಕ್ಕೆ ನೇಮಿಸಿದ ಪ್ರಾಂತಾಧಿಕಾರಿ, ಟೈರ್ ಅರಸರ ಚರಿತ್ರೆಯನ್ನು ಬರೆದ ಎಫೆಸಸ್ಸಿನ ಇತಿಹಾಸಕಾರ, ಕ್ರಿ.ಶ. 6ನೆಯ ಶತಮಾನದ ಬೈಜಾಂಟಿಯಂ ಚರಿತ್ರಕಾರ ಇವರಲ್ಲಿ ಪ್ರಮುಖರು. ಊರು, ಕಾಲ, ವೃತ್ತಿಗಳ ಆಧಾರದಿಂದ ಇವರನ್ನು ಪ್ರತ್ಯೇಕಿಸುವುದು ಕಷ್ಟವಲ್ಲ. ಆದರೆ ಭಾರತದ ವಾಯವ್ಯ ಭಾಗವನ್ನಾಳಿದ ಇಬ್ಬರು ಯವನ ಅರಸರಿಗೂ ಇದೇ ಹೆಸರಿರುವುದರಿಂದ, ಬೌದ್ಧ ಸಾಹಿತ್ಯದಲ್ಲಿ ಮಿಲಿಂದನೆಂದು ಪ್ರಸಿದ್ಧನಾದ ಮೊದಲನೆಯ ಮೆನಾಂಡರನ ಜೀವನಚಿತ್ರಣದಲ್ಲಿ ತೊಡಕುಂಟಾಗಿದೆ.

ಈತನ ಆಳ್ವಿಕೆಯನ್ನು ಸುಮಾರು ಕ್ರಿ.ಪೂ. 155ರಿಂದ 130ರವರೆಗೆ ಎಂದು ಸಾಮಾನ್ಯವಾಗಿ ಗುರುತಿಸಲಾಗುತ್ತದೆ. ಪಾಲಿ ಗ್ರಂಥವಾದ ಮಿಲಿಂದಪಞ್ಹದ ಪ್ರಕಾರ ಈತನ ಜನ್ಮಸ್ಥಳ ಅಲಸಂದ ದ್ವೀಪದ ಕಲಸಿ ಗ್ರಾಮ, ರಾಜಧಾನಿ ಸಾಗಲ. ಸಾಗಲವನ್ನು ಇಂದಿನ ಪಾಕಿಸ್ತಾನದ ಸಿಯಾಲ್‌ಕೋಟ್ ಎಂದು ಗುರುತಿಸಲಾಗಿದೆ. ಈತ ಅಲೆಕ್ಸಾಂಡರನಿಗಿಂತ ಹೆಚ್ಚು ಜನಾಂಗಗಳನ್ನು ಜಯಿಸಿದನೆಂಬ ಹೇಳಿಕೆಯನ್ನು ಸ್ಟ್ರಾಬೋ ದಾಖಲಿಸಿದ್ದಾನೆ. ಈತನ ದ್ವಿಭಾಷಾ ನಾಣ್ಯಗಳ ಒಂದು ಮುಖದಲ್ಲಿ ಗ್ರೀಕಿನ ಸೋಟೇರ್, ಇನ್ನೊಂದರಲ್ಲಿ ಖರೋಷ್ಠಿ ಲಿಪಿಯ ತ್ರಾತಾರ ಎಂಬ ಬಿರುದುಗಳಿವೆ. ಎರಡಕ್ಕೂ ರಕ್ಷಕನೆಂದೇ ಅರ್ಥ.

ಮೆನಾಂಡರನ ಹೆಸರಿನ ಬೇರೆ ಕೆಲವು ನಾಣ್ಯಗಳಲ್ಲಿ ದಿಕಾಯೋಸ್, ಧ್ರಮಿಕ ಎಂಬ ಬಿರುದುಗಳು ಕಾಣುತ್ತವೆ. ಇವನ್ನು ಮಿಲಿಂದನವೆಂದು ಭಾವಿಸಿ, ಆತ ಬೌದ್ಧನಾಗಿದ್ದನೆಂಬುದಕ್ಕೆ ಸಾಕ್ಷ್ಯವಾಗಿ ಬಳಸಿದ್ದುಂಟು. ಓಸ್ಮಂಡ್ ಬೊಪೆಆರಚ್ಚಿ ಮೊದಲಾದ ನಾಣ್ಯಶಾಸ್ತ್ರಜ್ಞರು ಇವನ್ನು ಕ್ರಿ.ಪೂ. 1ನೆಯ ಶತಮಾನದ ಎರಡನೆಯ ಮೆನಾಂಡರನಿಗೆ ಸೇರಿಸಿದ್ದಾರೆ. ಇದನ್ನು ಒಪ್ಪಿದರೆ ಆ ಸಾಕ್ಷ್ಯ ಬಿದ್ದುಹೋಗುತ್ತದೆ. ಮೊದಲನೆಯವನ ನಾಣ್ಯವೊಂದರಲ್ಲಿ ಎಂಟು ಅರೆಗಳ ಚಕ್ರವಿರುವುದು ನಿಜ. ಆದರೆ ಅದು ಧರ್ಮಚಕ್ರವೂ ಆಗಿರಬಹುದು, ಚಕ್ರವರ್ತಿತ್ವದ ಚಿಹ್ನೆಯೂ ಆಗಿರಬಹುದು.

ಮರಣದ ವಿಷಯದಲ್ಲಿಯೂ ಆಕರಗಳಲ್ಲಿ ಏಕಾಭಿಪ್ರಾಯವಿಲ್ಲ. ಅರಸನು ಮಗನಿಗೆ ರಾಜ್ಯವನ್ನೊಪ್ಪಿಸಿ ಸಂಘವನ್ನು ಸೇರಿ ಅರ್ಹಂತನಾದನೆಂದು ಪಾಲಿ ಗ್ರಂಥ ಮುಗಿಯುತ್ತದೆ. ಚೀನೀ ಅನುವಾದದಲ್ಲಿ ಈ ಸಮಾಪ್ತಿ ಇಲ್ಲದಿರುವುದರಿಂದ ಇದು ನಂತರದ ಸೇರ್ಪಡೆಯೆಂದು ಊಹಿಸಲು ಅವಕಾಶವಿದೆ. ಪ್ಲುಟಾರ್ಕನ ಪ್ರಕಾರ ಆತ ಸೇನಾ ಶಿಬಿರದಲ್ಲಿ ಮಡಿದನು. ನಗರಗಳು ಚಿತಾಭಸ್ಮವನ್ನು ಹಂಚಿಕೊಂಡು ಸ್ಮಾರಕಗಳನ್ನು ಕಟ್ಟಿದವು. ಈ ವಿವರ ಬುದ್ಧನ ಧಾತುವಿಭಜನೆಯ ಕಥೆಯನ್ನು ಹೋಲುವುದರಿಂದ ಇದನ್ನೂ ಎಚ್ಚರಿಕೆಯಿಂದಲೇ ಸ್ವೀಕರಿಸಬೇಕಾಗುತ್ತದೆ.

ಹೀಗೆ, ಹೆಸರಿನ ಸಾಮ್ಯವೊಂದನ್ನೇ ನೆಚ್ಚಿದರೆ ಒಬ್ಬನ ಬಿರುದು ಮತ್ತೊಬ್ಬನ ಧರ್ಮವನ್ನು ನಿರ್ಣಯಿಸಿಬಿಡುತ್ತದೆ. ಮೆನಾಂಡರನು ಬೌದ್ಧಧರ್ಮವನ್ನು ಸ್ವೀಕರಿಸಿದನೆಂದು ಖಚಿತವಾಗಿ ಹೇಳಲಾಗದಿದ್ದರೂ, ನಾಗಸೇನನನ್ನು ಪ್ರಶ್ನಿಸುವ ಜಿಜ್ಞಾಸುವಾಗಿ ಪರಕೀಯ ಅರಸನೊಬ್ಬನನ್ನು ಬೌದ್ಧ ಪರಂಪರೆ ಉಳಿಸಿಕೊಂಡಿತೆಂಬುದು ಸ್ಪಷ್ಟ.