ಹನ್ನೊಂದು ಮಕ್ಕಳ ತಾಯಿ: ತೆಯೊದೋರಾ ಅಲೊನ್ಸೊ

ಗಲ್ಫ್ ರಾಷ್ಟ್ರಗಳಲ್ಲಿ ದುಡಿದು ಬಂದ ನಮ್ಮ ಕರಾವಳಿಯ ಕುಟುಂಬಗಳಿಗೆ ಫಿಲಿಪೀನ್ಸ್ ದೇಶದವರು ಹೊಸಬರಲ್ಲ. ಆಸ್ಪತ್ರೆಯಲ್ಲಿ ಜೊತೆಯಲ್ಲಿ ಪಾಳಿ ಮಾಡಿದ ದಾದಿಯರು, ಶುಕ್ರವಾರದ ಬಲಿಪೂಜೆಯಲ್ಲಿ ಪಕ್ಕದ ಬೆಂಚಿನಲ್ಲಿ ಕುಳಿತವರು ಹಲವರ ನೆನಪಿನಲ್ಲಿದ್ದಾರೆ. ಸಂಬಳ ಬಂದ ದಿನವೇ ತಮ್ಮನ ಶಾಲೆಯ ಫೀಸು, ಅಕ್ಕನ ಮಗುವಿನ ಔಷಧಿ, ಅಜ್ಜಿಯ ಮನೆ ಖರ್ಚು ಎಂದು ಹಣವನ್ನು ಪಾಲು ಮಾಡಿ ಊರಿಗೆ ಕಳುಹಿಸುವ ಅವರ ರೀತಿಯನ್ನು ಕಂಡು ಆಶ್ಚರ್ಯಪಟ್ಟವರೂ ಇದ್ದಾರೆ. ಆ ಕುಟುಂಬ ಪದ್ಧತಿ ಎಂಥದ್ದು ಎಂದು ತಿಳಿಯಲು ಅಂಕಿ ಅಂಶಗಳಿಗಿಂತ ಒಬ್ಬ ತಾಯಿಯ ಜೀವನವನ್ನು ನೋಡುವುದೇ ಒಳ್ಳೆಯದೆಂದು ನಮಗೆ ತೋರಿತು. ಆಕೆ ಆ ದೇಶದ ರಾಷ್ಟ್ರೀಯ ವೀರ ಹೋಸೆ ರಿಸಾಲರ ತಾಯಿ, ದೋನ್ಯ ತೆಯೊದೋರಾ ಅಲೊನ್ಸೊ.

ಆಕೆಯ ಬದುಕಿನ ಕೆಲವು ಪುಟಗಳು ಧರ್ಮಗುರುಗಳಾದ ನಮಗೆ ಓದಲು ಸುಲಭವಲ್ಲ. ಆದರೂ ಅವನ್ನು ಬಿಟ್ಟು ಹೇಳುವುದು ಸರಿಯಲ್ಲ.

ತೆಯೊದೋರಾ 1820ರ ದಶಕದ ಉತ್ತರಾರ್ಧದಲ್ಲಿ ಮನಿಲಾದ ಸಾಂತಾ ಕ್ರೂಸ್ ಎಂಬಲ್ಲಿ ಹುಟ್ಟಿದರು. ಹೆಣ್ಣುಮಕ್ಕಳಿಗೆ ವಿದ್ಯೆ ಅಪರೂಪವಾಗಿದ್ದ ಕಾಲದಲ್ಲಿ ಸಾಂತಾ ರೋಸಾ ಕಾಲೇಜಿನಲ್ಲಿ ಓದಿದರು. 1848ರ ಜೂನ್ 28ರಂದು ಬಿನ್ಯಾನ್ ಊರಿನ ಫ್ರಾನ್ಸಿಸ್ಕೊ ಮೆರ್ಕಾದೊ ಅವರೊಡನೆ ವಿವಾಹವಾಯಿತು. ಫ್ರಾನ್ಸಿಸ್ಕೊ ಅವರ ಹಿರಿಯರಲ್ಲಿ ಒಬ್ಬರು ಚೀನಾದಿಂದ ಬಂದು 1697ರಲ್ಲಿ ದೀಕ್ಷಾಸ್ನಾನ ಪಡೆದ ವ್ಯಾಪಾರಿ ದೊಮಿಂಗೊ ಲಾಮ್‍ಕೊ. ದಂಪತಿಗಳು ಲಗೂನಾ ಪ್ರಾಂತ್ಯದ ಕಲಾಂಬಾದಲ್ಲಿ ನೆಲೆಸಿ, ಡೊಮಿನಿಕನ್ ಸಭೆಯವರ ಭೂಮಿಯನ್ನು ಗೇಣಿಗೆ ಪಡೆದು ಭತ್ತ, ಜೋಳ, ಕಬ್ಬು ಬೆಳೆದರು. ಚರ್ಚಿನ ಹತ್ತಿರವೇ ಕೆಳಗೆ ಕಲ್ಲು, ಮೇಲೆ ಮರದ ದೊಡ್ಡ ಮನೆ ಕಟ್ಟಿದರು. ಮನೆಯಲ್ಲೇ ಅಂಗಡಿ, ಹಿಟ್ಟಿನ ಗಿರಣಿ ಇದ್ದವು. ಇವೆಲ್ಲದರ ಲೆಕ್ಕಾಚಾರ ತೆಯೊದೋರಾ ಅವರ ಕೈಯಲ್ಲಿತ್ತು. ಫಿಲಿಪೀನ್ಸಿನ ಮನೆಗಳಲ್ಲಿ ಗಂಡ ಯಜಮಾನನೆಂದು ಹೆಸರಾದರೂ ಹಣದ ಪೆಟ್ಟಿಗೆಯ ಕೀಲಿಕೈ ಹೆಂಡತಿಯ ಸೊಂಟದಲ್ಲಿರುವುದು ಹಿಂದಿನಿಂದ ಬಂದ ರೂಢಿ.

ಅವರಿಗೆ ಹನ್ನೊಂದು ಮಕ್ಕಳು: ಸತುರ್ನಿನಾ, ಪಾಸಿಯಾನೊ, ನಾರ್ಸಿಸಾ, ಒಲಿಂಪಿಯಾ, ಲೂಸಿಯಾ, ಮರಿಯಾ, ಹೋಸೆ, ಕೊನ್ಸೆಪ್ಸಿಯೊನ್, ಹೊಸೆಫಾ, ತ್ರಿನಿದಾದ್, ಸೊಲೆದಾದ್. ಒಂಬತ್ತು ಹೆಣ್ಣು, ಎರಡು ಗಂಡು. ಇವರಲ್ಲಿ ಕೊನ್ಸೆಪ್ಸಿಯೊನ್ ಮೂರು ವರ್ಷಕ್ಕೇ 1865ರಲ್ಲಿ ತೀರಿಕೊಂಡಳು. ಇಷ್ಟು ಜನರ ನಡುವೆ ಯಾರು ಯಾರಿಗೆ ಏನಾಗಬೇಕು ಎಂಬುದನ್ನು ಅಲ್ಲಿನ ಭಾಷೆಯೇ ಹೇಳಿಕೊಡುತ್ತದೆ. ದೊಡ್ಡಣ್ಣ 'ಕುಯಾ', ಎರಡನೆಯವನು 'ದಿಕೊ'. ದೊಡ್ಡಕ್ಕ 'ಆತೆ', ಎರಡನೆಯವಳು 'ದಿತ್ಸೆ', ಮೂರನೆಯವಳು 'ಸಾನ್ಸೆ'. ಇವು ಚೀನೀ ಭಾಷೆಯಿಂದ ಬಂದ ಪದಗಳು. ಕುಯಾ ಮತ್ತು ಆತೆಯರು ಬರೀ ಹಿರಿಯರಲ್ಲ, ತಂದೆತಾಯಿಯ ಅರ್ಧ ಹೊರೆಯನ್ನು ಹೊರಬೇಕಾದವರು. ಸಂಬಂಧವನ್ನು ತಂದೆಯ ಕಡೆಯಿಂದ ಮಾತ್ರವಲ್ಲ, ತಾಯಿಯ ಕಡೆಯಿಂದಲೂ ಸಮನಾಗಿ ಎಣಿಸುತ್ತಾರೆ. ಹಾಗಾಗಿ ಈ ಮನೆಯಲ್ಲಿ ತೆಯೊದೋರಾ ಅವರ ಅಣ್ಣತಮ್ಮಂದಿರಿಗೂ ಮಕ್ಕಳನ್ನು ತಿದ್ದುವ ಅಧಿಕಾರವಿತ್ತು. ಮಕ್ಕಳನ್ನು ನೋಡಿಕೊಳ್ಳುವ ದಾದಿಯೂ ಮನೆಯವಳೇ. ದೀಕ್ಷಾಸ್ನಾನದ ಜ್ಞಾನಪಿತ, ಜ್ಞಾನಮಾತೆಯರಾದರಂತೂ ಆ ದಿನದಿಂದ ಬಂಧುಗಳೇ ಆಗುತ್ತಾರೆ.

ಸಂಜೆ ಮನೆಯವರೆಲ್ಲರೂ ಸೇರಿ ಪ್ರಾರ್ಥನೆ, ಜಪಸರ. ಅಲ್ಲಿ ಹಿರಿಯರ ಕೈಯನ್ನು ಹಿಡಿದು ಹಣೆಗೆ ಒತ್ತಿಕೊಂಡು ಆಶೀರ್ವಾದ ಬೇಡುವ ರೂಢಿ ಇದೆ. ತೇರ್ಸ ಮುಗಿದ ಮೇಲೆ ಬೆಸಾಂವ್ ಕೇಳುತ್ತಾ ಬೆಳೆದ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಕ್ಕಳಿಗೆ ಅಕ್ಷರ ಮತ್ತು ಪ್ರಾರ್ಥನೆ ಕಲಿಸಿದವರು ತಾಯಿಯೇ. ದೀಪದ ಬೆಳಕಿಗೆ ಮರುಳಾಗಿ, ತಾಯಿಯ ಎಚ್ಚರಿಕೆ ಕೇಳದೆ ಸುಟ್ಟುಹೋದ ಎಳೆಯ ಪತಂಗದ ಕಥೆಯನ್ನು ಅವರು ಒಂದು ರಾತ್ರಿ ಹೋಸೆಗೆ ಓದಿ ಹೇಳಿದ್ದರು. ತಾಯಿ ಹೇಳಿದ ನೀತಿಗಿಂತ ಪತಂಗದ ಆಸೆಯೇ ಹುಡುಗನ ಮನಸ್ಸಿನಲ್ಲಿ ಉಳಿಯಿತು.

1871ರಲ್ಲಿ ಆ ಮನೆಗೆ ಮೊದಲ ಪೆಟ್ಟು ಬಿದ್ದಿತು. ತೆಯೊದೋರಾ ಅವರ ಸಹೋದರ ಹೋಸೆ ಆಲ್ಬೆರ್ತೊ ದೂರದ ಪ್ರಯಾಣದಿಂದ ಮರಳಿದಾಗ ಹೆಂಡತಿ ಮನೆಬಿಟ್ಟು ಬೇರೊಬ್ಬನೊಡನೆ ಇರುವುದನ್ನು ಕಂಡು, ಸಂಬಂಧ ಕಡಿದುಕೊಳ್ಳಲು ನಿಶ್ಚಯಿಸಿದರು. ತೆಯೊದೋರಾ ನಡುವೆ ಬಂದು, ಮಕ್ಕಳ ಸಲುವಾಗಿ ಕ್ಷಮಿಸುವಂತೆ ಬೇಡಿ, ಇಬ್ಬರನ್ನೂ ಕೂಡಿಸಿದರು. ಆದರೆ ಮುಂದೆ ಅದೇ ಹೆಂಡತಿ ಒಬ್ಬ ಸ್ಪೇನಿನ ಅಧಿಕಾರಿಯೊಂದಿಗೆ ಸೇರಿ, ಗಂಡ ಮತ್ತು ನಾದಿನಿ ತನಗೆ ವಿಷ ಹಾಕಲು ಹೊರಟಿದ್ದರೆಂದು ದೂರು ಕೊಟ್ಟಳು. ಆ ಅಧಿಕಾರಿಗೆ ಈ ಮನೆಯ ಮೇಲೆ ಮೊದಲೇ ಸಿಟ್ಟಿತ್ತು. ಅವನ ಕುದುರೆಗೆ ಫ್ರಾನ್ಸಿಸ್ಕೊ ಹುಲ್ಲು ಕೊಡಲು ಒಪ್ಪಿರಲಿಲ್ಲ. ತೆಯೊದೋರಾ ಅವರನ್ನು ಬಂಧಿಸಿ ಕಲಾಂಬಾದಿಂದ ಪ್ರಾಂತ್ಯದ ಮುಖ್ಯ ಪಟ್ಟಣವಾದ ಸಾಂತಾ ಕ್ರೂಸಿಗೆ, ಸುಮಾರು 50 ಕಿಲೋಮೀಟರ್, ಕಾಲ್ನಡಿಗೆಯಲ್ಲೇ ಕರೆದೊಯ್ದರು. ಊರಿನ ಗೌರವಸ್ಥ ಮನೆಯ ಗೃಹಿಣಿಯನ್ನು ಎಲ್ಲರೂ ನೋಡುವಂತೆ ನಡೆಸಿದರು. ಮನಿಲಾದ ಉಚ್ಚ ನ್ಯಾಯಾಲಯ ನಿರಪರಾಧಿ ಎಂದು ಬಿಡುವ ಹೊತ್ತಿಗೆ ಎರಡೂವರೆ ವರ್ಷ ಕಳೆದಿತ್ತು.

ಮುರಿದ ಸಂಸಾರವನ್ನು ಕೂಡಿಸಲು ಹೋದ ತಪ್ಪಿಗೆ ಈ ಶಿಕ್ಷೆ. ಧರ್ಮಕೇಂದ್ರಗಳಲ್ಲಿ ಗಂಡ ಹೆಂಡಿರ ಜಗಳ ಬಿಡಿಸಲು ಹೋಗುವ ನಮ್ಮ ಗುರಿಕಾರರಿಗೂ, ಕುಟುಂಬ ಆಯೋಗದ ಸದಸ್ಯರಿಗೂ ಈ ಕಹಿಯ ರುಚಿ ಅಲ್ಪಸ್ವಲ್ಪ ಗೊತ್ತಿದೆ. ತೆಯೊದೋರಾ ಅವರಷ್ಟು ಬೆಲೆ ತೆತ್ತವರನ್ನು ನಾವು ಕಂಡಿಲ್ಲ.

ತಾಯಿ ಸೆರೆಮನೆಯಲ್ಲಿದ್ದಾಗ ಮನೆ ಹೇಗೆ ನಡೆಯಿತು? ಕೊನೆಯ ಮಗು ಸೊಲೆದಾದ್ ಇನ್ನೂ ಕೂಸು. ಹಿರಿಯಕ್ಕ ಸತುರ್ನಿನಾ ತಮ್ಮ ತಂಗಿಯರಿಗೆ ಎರಡನೆಯ ತಾಯಿಯಾದರು. ದೊಡ್ಡಣ್ಣ ಪಾಸಿಯಾನೊ ಮನಿಲಾದಲ್ಲಿ ಫಾದರ್ ಹೋಸೆ ಬುರ್ಗೊಸ್ ಅವರ ಶಿಷ್ಯನಾಗಿದ್ದವನು. 1872ರ ಫೆಬ್ರವರಿ 17ರಂದು ಬುರ್ಗೊಸ್, ಗೋಮೆಸ್, ಸಮೋರಾ ಎಂಬ ಮೂವರು ಧರ್ಮಗುರುಗಳನ್ನು ದಂಗೆಯ ಆರೋಪದ ಮೇಲೆ ಸ್ಪೇನ್ ಸರಕಾರ ಕೊರಳು ಬಿಗಿದು ಕೊಂದಿತು. ಸ್ಥಳೀಯ ಗುರುಗಳಿಗೂ ಧರ್ಮಕೇಂದ್ರಗಳನ್ನು ವಹಿಸಬೇಕೆಂದು ಕೇಳಿದ್ದವರ ಸಾಲಿನಲ್ಲಿ ಬುರ್ಗೊಸ್ ಇದ್ದರು. ಆ ವರ್ಷವೇ ಹೋಸೆಯನ್ನು ಯೇಸು ಸಭೆಯವರ ಅತೆನೆಯೊ ಶಾಲೆಗೆ ಸೇರಿಸುವಾಗ, ತನ್ನ ಹೆಸರಿನಿಂದ ತಮ್ಮನಿಗೆ ತೊಂದರೆಯಾಗಬಾರದೆಂದು ಮೆರ್ಕಾದೊ ಎಂಬುದನ್ನು ಬಿಟ್ಟು ರಿಸಾಲ್ ಎಂಬ ಕುಲನಾಮ ಬರೆಸಲಾಯಿತು.

ತೆಯೊದೋರಾ ಮಾತ್ರ ಮಗ ಹೆಚ್ಚು ಓದುವುದನ್ನು ಹೆದರಿಕೆಯಿಂದಲೇ ನೋಡಿದರು. ಹೆಚ್ಚು ತಿಳಿದವನ ತಲೆ ಆ ನಾಡಿನಲ್ಲಿ ಉಳಿಯುವುದಿಲ್ಲ ಎಂಬುದು ಅವರ ಅನುಭವದ ಲೆಕ್ಕ. ಹಾಗಾಗಿ 1882ರ ಮೇ ತಿಂಗಳಲ್ಲಿ ಹೋಸೆ ಸ್ಪೇನಿಗೆ ಹಡಗು ಹತ್ತಿದ್ದು ತಾಯಿತಂದೆಗೆ ತಿಳಿಯದಂತೆ. ಗೊತ್ತಿದ್ದವರು ಪಾಸಿಯಾನೊ, ಸತುರ್ನಿನಾ ಮುಂತಾದ ಕೆಲವೇ ಮಂದಿ. ಸತುರ್ನಿನಾ ವಜ್ರದ ಉಂಗುರ ಕೊಟ್ಟರು. ತನ್ನ ಓದನ್ನು ಬಿಟ್ಟು ಗದ್ದೆಗೆ ಇಳಿದಿದ್ದ ಪಾಸಿಯಾನೊ ಕಬ್ಬಿನ ಆದಾಯದಿಂದ ತಿಂಗಳು ತಿಂಗಳು ಹಣ ಕಳುಹಿಸಿದರು. ತಮ್ಮ ಜಗತ್ಪ್ರಸಿದ್ಧನಾದ, ಅಣ್ಣ ಹೊಲದಲ್ಲಿ ಉಳಿದ. ಗಲ್ಫಿನಲ್ಲಿ ಸಂಬಳ ಪಾಲು ಮಾಡುವ ಆ ದಾದಿಯರ ಹಿಂದೆ ಇಂಥ ಅಣ್ಣ ಅಕ್ಕಂದಿರ ದೊಡ್ಡ ಸಾಲೇ ಇದೆ.

ತಾಯಿಯ ಕಣ್ಣು ಮಂಜಾಗುತ್ತಾ ಬಂದಿತ್ತು. ಹೋಸೆ ಕಣ್ಣಿನ ವೈದ್ಯವನ್ನೇ ಆರಿಸಿಕೊಂಡದ್ದಕ್ಕೆ ಅದೇ ಕಾರಣ. 1887ರಲ್ಲಿ ಬರ್ಲಿನ್ನಿನಲ್ಲಿ 'ನೋಲಿ ಮೆ ತಾಂಗೆರೆ' ಕಾದಂಬರಿಯನ್ನು ಅಚ್ಚು ಹಾಕಿಸಿ ಆಗಸ್ಟಿನಲ್ಲಿ ಊರಿಗೆ ಬಂದವನು ಮೊದಲು ನೋಡಿದ್ದೇ ತಾಯಿಯ ಕಣ್ಣು. ಪೊರೆ ಇನ್ನೂ ಬಲಿತಿರಲಿಲ್ಲ, ಶಸ್ತ್ರಚಿಕಿತ್ಸೆಗೆ ಕಾಯಬೇಕಾಯಿತು. ಕಾದಂಬರಿ ಸನ್ಯಾಸಿ ಸಭೆಗಳ ದರ್ಪವನ್ನು ಬಯಲಿಗೆಳೆದಿದ್ದರಿಂದ ಅವನು 1888ರ ಫೆಬ್ರವರಿಯಲ್ಲೇ ದೇಶ ಬಿಡಬೇಕಾಯಿತು.

ಮುಂದಿನ ವರ್ಷಗಳ ಕಥೆಯೇ ನಮ್ಮನ್ನು ಹೆಚ್ಚು ಕಾಡುವುದು. ಗೇಣಿ ಏರಿತು, ಒಕ್ಕಲುಗಳು ಲೆಕ್ಕ ಕೇಳಿದರು, ವ್ಯಾಜ್ಯ ನಡೆಯಿತು, ಧಣಿಗಳು ಗೆದ್ದರು. ಆ ಧಣಿಗಳು ಧರ್ಮಸಭೆಯವರೇ. 1889ರಲ್ಲಿ ಲೂಸಿಯಾಳ ಗಂಡ ಮರಿಯಾನೊ ಎರ್ಬೋಸಾ ಕಾಲರಾದಿಂದ ತೀರಿಕೊಂಡಾಗ, ಪಾಪನಿವೇದನೆ ಮಾಡಿರಲಿಲ್ಲವೆಂಬ ಕಾರಣ ಕೊಟ್ಟು ಕ್ರೈಸ್ತ ಸಮಾಧಿಭೂಮಿಯಲ್ಲಿ ಜಾಗ ನಿರಾಕರಿಸಲಾಯಿತು. ನಿಜವಾದ ಕಾರಣ ಆತ ರಿಸಾಲನ ಭಾವ ಎಂಬುದೆಂದು ಊರಿಗೆಲ್ಲ ಗೊತ್ತಿತ್ತು. ಮಗಳ ಗಂಡನ ಶವವನ್ನು ಬೇರೆಡೆ ಹೂಳಿಸಿದ ಆ ತಾಯಿ ಅಂದು ಸಂಜೆಯೂ ಜಪಸರ ಹಿಡಿದಿರಬೇಕು ಎಂದು ನಾವು ಊಹಿಸುತ್ತೇವೆ. ಸಂಸ್ಕಾರಗಳನ್ನು ಶಿಕ್ಷೆಯ ಕೋಲಾಗಿ ಬಳಸಿದ ಆ ಗುರುವಿನ ಪರವಾಗಿ ಹೇಳಲು ನಮ್ಮಲ್ಲಿ ಮಾತಿಲ್ಲ.

ನಂತರ ಗವರ್ನರ್ ಜನರಲ್ ವೇಯ್ಲರ್ ಸೈನಿಕರನ್ನು ಕಳುಹಿಸಿ ಒಕ್ಕಲುಗಳನ್ನು ಎಬ್ಬಿಸಿದರು. ಆ ದೊಡ್ಡ ಮನೆ ಕೈತಪ್ಪಿತು. ಪಾಸಿಯಾನೊ ಮತ್ತು ಕೆಲವು ಅಳಿಯಂದಿರನ್ನು ಮಿಂದೊರೊ ದ್ವೀಪಕ್ಕೆ ಗಡೀಪಾರು ಮಾಡಿದರು. ಅರುವತ್ತು ದಾಟಿದ, ಅರೆಗುರುಡಾದ ತೆಯೊದೋರಾ ಅವರನ್ನು ಕುಲನಾಮ ಸರಿಯಾಗಿ ಬಳಸಲಿಲ್ಲವೆಂಬ ಕ್ಷುಲ್ಲಕ ನೆಪದಿಂದ ಮತ್ತೊಮ್ಮೆ ಸಾಂತಾ ಕ್ರೂಸಿಗೆ ನಡೆಸಿದರು. 1891ರ ಕೊನೆಗೆ ತಂದೆ, ತಾಯಿ, ಅಣ್ಣ, ಕೆಲವು ಅಕ್ಕತಂಗಿಯರು ಹಾಂಗ್‍ಕಾಂಗಿನಲ್ಲಿ ಹೋಸೆಯ ಬಳಿ ಸೇರಿದರು. ಮನೆ, ಜಮೀನು ಯಾವುದೂ ಇಲ್ಲದಿದ್ದರೂ ಎಷ್ಟೋ ವರ್ಷಗಳ ಮೇಲೆ ಒಟ್ಟಾಗಿ ಆಚರಿಸಿದ ಕ್ರಿಸ್ಮಸ್ ಅದು.

ಅದು ಬಹುಕಾಲ ಉಳಿಯಲಿಲ್ಲ. 1892ರ ಜುಲೈಯಲ್ಲಿ ಹೋಸೆಯನ್ನು ಮನಿಲಾದಲ್ಲಿ ಬಂಧಿಸಿ ದೂರದ ದಪಿತಾನ್‍ಗೆ ಕಳುಹಿಸಿದರು. ಲಾಟರಿಯಲ್ಲಿ ಅವನ ಪಾಲಿಗೆ 6,200 ಪೆಸೊ ಬಂದಾಗ 2,000 ತಂದೆಗೆ ಕೊಟ್ಟು, ಉಳಿದುದರಲ್ಲಿ ಬಹುಪಾಲು ಜಾಗಕ್ಕೆ ಹಾಕಿದ. ಅಲ್ಲಿ ಮನೆ, ಚಿಕಿತ್ಸಾಲಯ, ಹುಡುಗರಿಗೆ ಶಾಲೆ ಎದ್ದವು. 1893ರಲ್ಲಿ ತಾಯಿಯೂ ತ್ರಿನಿದಾದಳೂ ಬಂದು ಬಹುಕಾಲ ನಿಂತರು. ಅಕ್ಕಂದಿರ ಮಕ್ಕಳು ಓದಲು ಬಂದರು. ಗಡೀಪಾರಿನ ಜಾಗದಲ್ಲೂ ಕಲಾಂಬಾದ ಕೂಡುಕುಟುಂಬ ಮತ್ತೆ ಚಿಗುರಿತು. ಮಗ ತಾಯಿಯ ಕಣ್ಣಿಗೆ ಚಿಕಿತ್ಸೆ ಮಾಡಿದ. ಮತ್ತೆ ಕವಿತೆ ಬರೆ ಎಂದು ತಾಯಿ ಕೇಳಿಕೊಂಡರು, ಮಗ ಬರೆದು ಕಳುಹಿಸಿದ.

1895ರಲ್ಲಿ ಜೋಸೆಫೀನ್ ಬ್ರಾಕೆನ್ ಎಂಬ ಯುವತಿ ಹೋಸೆಯ ಬಾಳಿಗೆ ಬಂದಳು. ಅವನು ತನ್ನ ಬರಹಗಳನ್ನು ಹಿಂತೆಗೆದುಕೊಂಡರೆ ಮಾತ್ರ ಚರ್ಚಿನಲ್ಲಿ ವಿವಾಹ ಎಂದು ಗುರುಗಳು ಹೇಳಿದರು. ಅವನು ಒಪ್ಪಲಿಲ್ಲ. ಇಬ್ಬರೂ ವಿವಾಹವಿಲ್ಲದೆ ಬಾಳಿದರು, ಹುಟ್ಟಿದ ಮಗು ಉಳಿಯಲಿಲ್ಲ. ಅಕ್ಕತಂಗಿಯರು ಆಕೆಯನ್ನು ಸಂಶಯದಿಂದ ನೋಡಿದರು. ಮನಸ್ಸಾಕ್ಷಿಗೆ ವಿರುದ್ಧವಾದ ಮದುವೆಗಿಂತ ದೇವರ ಭಯದಲ್ಲಿ ಒಟ್ಟಿಗಿರುವುದೇ ಮೇಲೆಂದು ತಾಯಿ ಮಗನಿಗೆ ಹೇಳಿದರೆಂದು ಚರಿತ್ರಕಾರರು ಬರೆಯುತ್ತಾರೆ. ಧರ್ಮಸಭೆಯ ಬೋಧನೆ ಕಲಿತ ನಾವು ಅದನ್ನು ಒಪ್ಪಲಾರೆವು. ಆದರೆ ಆಕೆ ಯಾವ ದಾರಿ ನಡೆದು ಬಂದು ಹಾಗೆ ಹೇಳಿದರೆಂದು ತಿಳಿದ ಮೇಲೆ ಖಂಡಿಸಲೂ ಬಾಯಿ ಬರುವುದಿಲ್ಲ. ಅದೇ ಕುಟುಂಬದಲ್ಲಿ ಪಾಸಿಯಾನೊ ವಿವಾಹವಾಗದೆ ಒಬ್ಬ ಮಗಳ ತಂದೆಯಾದರು, ಹೊಸೆಫಾ, ತ್ರಿನಿದಾದ್ ಕೊನೆಯವರೆಗೆ ಕನ್ಯೆಯರಾಗಿಯೇ ಉಳಿದರು, ಲೂಸಿಯಾ ವಿಧವೆ. ಒಂದೇ ತಾಯಿಯ ಮಕ್ಕಳಲ್ಲಿ ಇಷ್ಟು ಬಗೆಯ ಸಂಸಾರಗಳು. ಯಾರನ್ನೂ ಮನೆಯಿಂದ ಹೊರಗೆ ಹಾಕಲಿಲ್ಲ.

1896ರ ಡಿಸೆಂಬರಿನಲ್ಲಿ ಮಗನಿಗೆ ಮರಣದಂಡನೆಯಾಯಿತು. ತೆಯೊದೋರಾ ಗವರ್ನರ್ ಜನರಲ್ ಪೊಲವಿಯೆಹಾ ಅವರಲ್ಲಿ ಕ್ಷಮಾದಾನ ಬೇಡಿದರು, ಸಿಗಲಿಲ್ಲ. 29ರಂದು ಸಾಂತಿಯಾಗೊ ಕೋಟೆಯ ಕೋಣೆಯಲ್ಲಿ ತಾಯಿಮಗ ಕೊನೆಯ ಬಾರಿ ಭೇಟಿಯಾದರು. ಅಪ್ಪಿಕೊಳ್ಳಲು ಕಾವಲುಗಾರರು ಬಿಡಲಿಲ್ಲ. ಮಗ ಮೊಣಕಾಲೂರಿ ಕೈಗೆ ಮುತ್ತಿಟ್ಟ. ಅಂದು ತ್ರಿನಿದಾದಳಿಗೆ ಕೊಟ್ಟ ಚಿಕ್ಕ ಸ್ಪಿರಿಟ್ ಒಲೆಯೊಳಗೆ ಅವನ ಕೊನೆಯ ಕವಿತೆ ಇತ್ತು. ಮರುದಿನ ಬೆಳಿಗ್ಗೆ ಬಗುಂಬಾಯಾನ್ ಮೈದಾನದಲ್ಲಿ ಗುಂಡು ಹಾರಿಸಿದರು. ಕೊನೆಯ ರಾತ್ರಿ ಅವನು ಧರ್ಮಸಭೆಯೊಂದಿಗೆ ಸಂಧಾನ ಮಾಡಿಕೊಂಡು, ಜೋಸೆಫೀನಳನ್ನು ವಿವಾಹವಾದನೆಂದು ಯೇಸು ಸಭೆಯ ಗುರುಗಳು ದಾಖಲಿಸಿದ್ದಾರೆ. ಚರಿತ್ರಕಾರರ ವಾದ ಇಂದಿಗೂ ಮುಗಿದಿಲ್ಲ.

ಶವವನ್ನು ತಾಯಿಗೆ ಕೊಡಲಿಲ್ಲ. ನಾರ್ಸಿಸಾ ಸಮಾಧಿಭೂಮಿಗಳನ್ನು ಒಂದೊಂದಾಗಿ ಸುತ್ತಿ, ಪಾಕೊದಲ್ಲಿ ಹೊಸ ಮಣ್ಣಿನ ಗುರುತು ಕಂಡು, ಕಾವಲುಗಾರನಿಗೆ ಕಾಣಿಕೆ ಕೊಟ್ಟು ತಮ್ಮನ ಹೆಸರಿನ ಅಕ್ಷರಗಳನ್ನು ಹಿಂದುಮುಂದಾಗಿಸಿದ ಒಂದು ಕಲ್ಲನ್ನು ಇರಿಸಿದರು. 1898ರ ಜನವರಿಯಲ್ಲಿ ಫ್ರಾನ್ಸಿಸ್ಕೊ ತೀರಿಕೊಂಡರು. ಆ ವರ್ಷದ ಆಗಸ್ಟ್ 17ರಂದು, ಸ್ಪೇನಿನ ಆಡಳಿತ ಕುಸಿದ ಮೇಲೆ, ಎಲುಬುಗಳನ್ನು ಹೊರತೆಗೆದು ತೊಳೆದು ದಂತದ ಕರಂಡಕದಲ್ಲಿಟ್ಟು ಮನೆಗೆ ತಂದರು. ಹದಿನಾಲ್ಕು ವರ್ಷ ಅದು ಕುಟುಂಬದ ಬಳಿಯೇ ಇತ್ತು.

ಅಮೆರಿಕದ ಆಡಳಿತದಲ್ಲಿ ಮಗನ ಸೇವೆಗಾಗಿ ತಾಯಿಗೆ ಪಿಂಚಣಿ ಕೊಡುವ ಪ್ರಸ್ತಾಪ ಬಂದಿತು. ತಮ್ಮ ಕುಟುಂಬ ದೇಶಕ್ಕೆ ಕೊಟ್ಟದ್ದು ಹಣಕ್ಕಾಗಿ ಅಲ್ಲವೆಂದು ತೆಯೊದೋರಾ ಅದನ್ನು ಬೇಡವೆಂದರು. 1911ರ ಆಗಸ್ಟ್ 16ರಂದು ಮನಿಲಾದಲ್ಲಿ ಅವರು ತೀರಿಕೊಂಡರು. 1912ರ ಡಿಸೆಂಬರ್ 30ರಂದು ಹೋಸೆಯ ಅವಶೇಷಗಳನ್ನು ಅವನು ಸತ್ತ ಮೈದಾನಕ್ಕೇ ಮೆರವಣಿಗೆಯಲ್ಲಿ ಒಯ್ದು, ಇಂದು ಅವನ ಸ್ಮಾರಕ ನಿಂತಿರುವಲ್ಲಿ ಇರಿಸಿದರು. ಕ್ರಾಂತಿಯಲ್ಲಿ ಜನರಲ್ ಆಗಿದ್ದ ಪಾಸಿಯಾನೊ ಮತ್ತೆ ಬೇಸಾಯಕ್ಕೆ ಮರಳಿ 1930ರಲ್ಲಿ ನಿಧನರಾದರು. ಹನ್ನೊಂದು ಮಂದಿಯಲ್ಲಿ ಕೊನೆಯವರಾಗಿ ಉಳಿದ ತ್ರಿನಿದಾದ್ 1951ರವರೆಗೆ ಬದುಕಿದ್ದರು.