ಮಹಬೂಬ್ ಪಾಷಾ ಅವರೂ ಅವರು ಹತ್ತದ ಮೋಟಾರೂ

ಅಬಿಡ್ಸಿನ ಬೀದಿಯಲ್ಲಿ ದಿನವೂ ಓಡಾಡುವ ನಮ್ಮ ವಾಚಕ ಮಹಾಶಯರಲ್ಲಿ ಎಷ್ಟು ಮಂದಿ ಆ ಹೆಸರು ಎಲ್ಲಿಂದ ಬಂತೆಂದು ಯೋಚಿಸಿರಬಹುದು? ಅದೇ ಬೀದಿಯ ಮಗ್ಗುಲಲ್ಲಿ ಹೋಟೆಲು ನಡೆಸಿ ಅರ್ಧ ಆಯುಷ್ಯವನ್ನು ಕಳೆದ ನಾವೂ ಬಹುಕಾಲ ಯೋಚಿಸಿರಲಿಲ್ಲ. ಆಲ್ಬರ್ಟ್ ಆಬಿದ್ ಎಂಬ ಆರ್ಮೇನಿಯ ಮೂಲದ ಗೃಹಸ್ಥನೊಬ್ಬ ಇಲ್ಲಿ ಅಂಗಡಿಯನ್ನಿಟ್ಟಿದ್ದನು. ಆತನು ಆರನೆಯ ನಿಜಾಮರಾದ ಮೀರ್ ಮಹಬೂಬ್ ಅಲೀ ಖಾನರ ಖಾಸಾ ಸೇವಕ. ಪ್ರಭುಗಳ ಉಡುಪು, ಬೂಟು, ಆಭರಣಗಳೆಲ್ಲ ಆತನ ಮೇಲ್ವಿಚಾರಣೆಯಲ್ಲಿದ್ದವು. ಪ್ರಭುಗಳು ಒಮ್ಮೆ ಉಟ್ಟು ಮರೆತ ವಸ್ತುಗಳು ಆಬಿದನ ಅಂಗಡಿಗೆ ಬಂದು, ಪುನಃ ಅರಮನೆಗೇ ವಿಕ್ರಯವಾಗಿ ಹೋಗುತ್ತಿದ್ದವೆಂದು ಊರಿನ ಹಳಬರು ಹೇಳುವುದುಂಟು. ನಿಜವೋ ಸುಳ್ಳೋ, ಸ್ಟೋರು ರೂಮಿನ ಬೀಗದಕೈಯನ್ನು ಒಬ್ಬನ ಕೈಗೇ ಒಪ್ಪಿಸಿದ ಹೋಟೆಲು ಮಾಲಿಕರಿಗೆ ಈ ಕಥೆ ಬೇಗನೆ ಅರ್ಥವಾಗುತ್ತದೆ.

ಕಳೆದ ತಿಂಗಳು ಆ ಪ್ರಭುಗಳ ಮೋಟಾರನ್ನು ನೋಡಿಬರುವ ಯೋಗ ನಮಗೆ ಒದಗಿತು. ಅದು ಹಳೆಯ ಪಟ್ಟಣದ ಚೌಮಹಲ್ಲಾ ಅರಮನೆಯಲ್ಲಿದೆ. ನಮ್ಮನ್ನು ಅಲ್ಲಿಗೆ ಕರೆದೊಯ್ದದ್ದು ಸಹ ಒಂದು ಹಳೆಯ ಮೋಟಾರೇ. ಎರಡೇ ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್. 1960ರ ದಶಕದಲ್ಲಿ ಮದರಾಸಿನಲ್ಲಿ ತಯಾರಾದದ್ದು. ಒಂದು ಕಾಲದಲ್ಲಿ ಅದು ನಮ್ಮ ತಂದೆಯವರದು. ಮಾರುಕಟ್ಟೆಯಿಂದ ತೆಂಗಿನಕಾಯಿ, ಬೂದುಗುಂಬಳಗಳನ್ನು ಹೊತ್ತು ತರುತ್ತಿತ್ತು. ನಾವು ಹೋಟೆಲನ್ನು ಮುಚ್ಚಿದ ವರ್ಷ ಕೆಲಸಗಾರರ ಬಾಕಿ ಸಂಬಳವನ್ನು ಚುಕ್ತಾ ಮಾಡಲು ಅದನ್ನು ಮೆಕ್ಯಾನಿಕ್ ಮಿತ್ರರೊಬ್ಬರಿಗೆ ಮಾರಿದೆವು. ಅವರು ಅದರ ಹಳೆಯ ಎಂಜಿನನ್ನು ಕಿತ್ತು, ಮಾರುತಿ ಜಿಪ್ಸಿಯ ಎಂಜಿನನ್ನು ಕೂಡಿಸಿ, ಹಿಂದಿನ ಚಕ್ರಗಳನ್ನು ಅಗಲಿಸಿ, ಕೆಂಪು ಬಣ್ಣ ಬಳಿದಿದ್ದಾರೆ. ಅಮೆರಿಕದ ತರುಣರು ಹಳೆಯ ಎರಡು ಬಾಗಿಲಿನ ಗಾಡಿಗಳಿಗೆ ದೊಡ್ಡ ಎಂಜಿನು ಹಾಕಿ ಹಾಟ್ ರಾಡ್ ಎಂದು ಕರೆಯುವರಂತೆ. ಇದು ಆ ಜಾತಿಗೆ ಸೇರಿದ್ದೆಂದು ಮಿತ್ರರ ಅಂಬೋಣ. ಮಾರಿದ ಗಾಡಿಯಲ್ಲಿ ಹಿಂದಿನ ಸೀಟಿನಲ್ಲಿ ಕುಳಿತು ಹೋಗುವುದು ಎಂತಹ ಅನುಭವವೆಂಬುದನ್ನು ನಾವಿಲ್ಲಿ ವಿಸ್ತರಿಸುವುದಿಲ್ಲ.

ನಮ್ಮ ಸಂಗಡ, ಹಿಂದೆ ನಮ್ಮಲ್ಲಿ ದೋಸೆಯ ಕಲ್ಲನ್ನು ನೋಡಿಕೊಳ್ಳುತ್ತಿದ್ದ ಕಲಬುರಗಿ ಕಡೆಯ ಹಿರಿಯರೊಬ್ಬರೂ ಬಂದಿದ್ದರು. ಅವರನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ರಜಾಕಾರರ ಹಾವಳಿಯಲ್ಲಿ ಅವರ ಅಜ್ಜನ ಮನೆ ಸುಟ್ಟುಹೋಗಿತ್ತು. ನಿಜಾಮನ ಗಾಡಿಗೆ ಕೈಮುಗಿಯಲು ತಾವು ಬರಲಾರೆವೆಂದು ಮೊದಲು ಖಡಾಖಂಡಿತವಾಗಿ ಹೇಳಿದರು. ಆ ಗಾಡಿಯನ್ನು ತರಿಸಿದವರು ಕಡೆಯ ನಿಜಾಮರಲ್ಲ, ಅವರ ತಂದೆ ಮಹಬೂಬ್ ಪಾಷಾ ಎಂದು ತಿಳಿಸಿದ ಮೇಲೆ ಮುಖಭಾವ ಬದಲಾಯಿತು. ಹಾವು ಕಡಿದವರು ಆ ಹೆಸರನ್ನು ಹಿಡಿದು ಕೂಗಿದರೆ ವಿಷ ಇಳಿಯುವುದೆಂದು ಅವರ ಮನೆಯ ಮುದುಕಿಯರು ನಂಬಿದ್ದರಂತೆ. ಹೈದರಾಬಾದು ಸಂಸ್ಥಾನದ ಹಳ್ಳಿಹಳ್ಳಿಗಳಲ್ಲಿ ಈ ನಂಬಿಕೆಯಿತ್ತು. ಹಾವು ಕಡಿದವನು ಬಂದರೆ ಪ್ರಭುಗಳನ್ನು ನಡುರಾತ್ರಿಯಲ್ಲಿಯೂ ಎಬ್ಬಿಸಬಹುದೆಂಬ ಅಪ್ಪಣೆ ಅರಮನೆಯಲ್ಲಿ ಇತ್ತೆಂದೂ ಪ್ರತೀತಿ.

ಮಹಬೂಬ್ ಅಲೀ ಖಾನರು 1866ರ ಆಗಸ್ಟಿನಲ್ಲಿ ಜನಿಸಿದರು. ತಂದೆ ಅಫ್ಜಲುದ್ದೌಲಾ 1869ರ ಫೆಬ್ರವರಿಯಲ್ಲಿ ಮೃತಪಟ್ಟಾಗ ಮಗುವಿಗೆ ಎರಡೂವರೆ ವರ್ಷ. ಆ ಮಗುವನ್ನೇ ಗದ್ದುಗೆಯ ಮೇಲೆ ಕುಳ್ಳಿರಿಸಲಾಯಿತು. ರಾಜ್ಯಭಾರವೆಲ್ಲ ದಿವಾನ ಮೊದಲನೆಯ ಸಾಲಾರ್ ಜಂಗರ ಕೈಯಲ್ಲಿ. ಬಾಲಕನಿಗೆ ಪಾರ್ಸಿ ಉರ್ದುಗಳನ್ನು ಕಲಿಸಲು ಮೌಲವಿಗಳು, ಇಂಗ್ಲಿಷನ್ನೂ ಕುದುರೆ ಸವಾರಿಯನ್ನೂ ಕಲಿಸಲು ಬ್ರಿಟಿಷ್ ಅಧಿಕಾರಿ. 1877ರಲ್ಲಿ, ಹತ್ತು ವರ್ಷದ ಹುಡುಗನಾಗಿದ್ದಾಗ, ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿಯೆಂದು ಸಾರಿದ ದಿಲ್ಲಿಯ ದರ್ಬಾರಿಗೂ ಆತನನ್ನು ಕರೆದೊಯ್ದರು. ಹುಟ್ಟಿದಂದಿನಿಂದ ತನ್ನ ಇಷ್ಟದಂತೆ ಒಂದು ಬೀದಿಯಲ್ಲಿ ನಡೆದಾಡಿರದ ಬಾಲಕನಿಗೆ ಆ ಮೆರವಣಿಗೆ ಹೇಗೆ ಕಂಡಿತೋ.

ಅದೇ ಕಾಲದಲ್ಲಿ ನಮ್ಮವರಿಗೆ ಸಂಬಂಧಪಟ್ಟ ಒಂದು ದೊಡ್ಡ ಕಾರ್ಯ ನಡೆಯಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಮಾರ್ಗ ತೆರೆಯಿತು. ಕಲಬುರಗಿ, ರಾಯಚೂರು ಸೀಮೆಗಳಿಂದ ಹೊಟ್ಟೆಪಾಡಿಗಾಗಿ ಈ ಪಟ್ಟಣಕ್ಕೆ ಬಂದ ಕನ್ನಡಿಗರಲ್ಲಿ ವಾಡಿಯ ಪ್ಲಾಟ್‌ಫಾರಂನಲ್ಲಿ ರಾತ್ರಿ ಕಳೆಯದವರು ವಿರಳ. ಕಲಬುರಗಿಯ ಬಟ್ಟೆಗಿರಣಿಗೆ ಮಹಬೂಬ್ ಶಾಹಿ ಎಂಬ ಹೆಸರು ಬಂದದ್ದೂ ಇವರಿಂದಲೇ. ಪಾಲಮೂರು 1890ರಲ್ಲಿ ಮಹಬೂಬ್ ನಗರವಾಯಿತು. ಹೆಸರುಗಳು ಹೀಗೆ ಬಂದವು. ಆದರೆ ಕನ್ನಡ ಜಿಲ್ಲೆಗಳ ಮಕ್ಕಳಿಗೆ ಕನ್ನಡದಲ್ಲಿ ಪಾಠ ಬರಲಿಲ್ಲ. ಇವರ ಆಳ್ವಿಕೆಯಲ್ಲಿ ಕಚೇರಿಗಳಿಂದ ಪಾರ್ಸಿ ಹೋಗಿ ಉರ್ದು ಬಂದಿತು. ರೈತನಿಗೆ ಎರಡೂ ಒಂದೇ. ಅರ್ಜಿ ಬರೆಸಲು ಮುನ್ಷಿಗೆ ತೆರಬೇಕಾದ ಕಾಸು ತಪ್ಪಲಿಲ್ಲ.

1883ರಲ್ಲಿ ಸಾಲಾರ್ ಜಂಗರು ಕಾಲರಾ ಬೇನೆಯಿಂದ ಹಠಾತ್ತನೆ ತೀರಿಕೊಂಡರು. ಮಾರನೆಯ ವರ್ಷ ಫೆಬ್ರವರಿಯಲ್ಲಿ ವೈಸರಾಯ್ ಲಾರ್ಡ್ ರಿಪ್ಪನರು ಸ್ವತಃ ಹೈದರಾಬಾದಿಗೆ ಬಂದು ಹದಿನೇಳರ ತರುಣನಿಗೆ ಪೂರ್ಣಾಧಿಕಾರವನ್ನು ವಹಿಸಿದರು. ಅಲ್ಲಿಂದ ಮುಂದೆ ಜನ ಕಂಡದ್ದು ಎರಡು ಬಗೆಯ ಮನುಷ್ಯರನ್ನು. ಒಬ್ಬರು ಹುಲಿಬೇಟೆಯಲ್ಲಿ ಎಣೆಯಿಲ್ಲದ ಗುರಿಕಾರರು, ಬಡವರ ಕೈಗೆ ಹಣವನ್ನು ಎಣಿಸದೆ ಹಾಕುವ ಉದಾರಿಗಳು. ಇನ್ನೊಬ್ಬರು ಹಗಲು ಮಲಗಿ ಇರುಳು ಎಚ್ಚತ್ತು, ಮಂತ್ರಿಗಳನ್ನು ವಾರಗಟ್ಟಲೆ ಕಾಯಿಸುವ ಪ್ರಭುಗಳು. ಒಮ್ಮೆ ತೊಟ್ಟ ಬಟ್ಟೆಯನ್ನು ಮತ್ತೆ ತೊಡುತ್ತಿರಲಿಲ್ಲವೆಂಬುದು ಜನಜನಿತ. ಅವರ ಉಡುಪುಗಳಿಗಾಗಿ ಪುರಾನೀ ಹವೇಲಿಯಲ್ಲಿ ಮಾಡಿಸಿದ ಎರಡು ಅಂತಸ್ತಿನ ಮರದ ಕಪಾಟುಗಳ ಸಾಲು ಈಗಲೂ ಇದೆ. ಮೇಲೇರಲು ಕೈಯಿಂದ ತಿರುಗಿಸುವ ಲಿಫ್ಟೂ ಇದೆ.

ಅವರಿಗೆ ಮಾನಹಾನಿ ತಂದದ್ದು ಒಂದು ಕಲ್ಲು. 1891ರಲ್ಲಿ ಸಿಮ್ಲಾದ ರತ್ನ ವ್ಯಾಪಾರಿ ಅಲೆಕ್ಸಾಂಡರ್ ಜೇಕಬ್ ಎಂಬಾತನು ಬಹು ದೊಡ್ಡ ವಜ್ರವೊಂದನ್ನು ಮಾರಲು ಮುಂದೆ ಬಂದನು. ನಡುವೆ ನಿಂತು ವ್ಯವಹಾರ ಕುದುರಿಸಿದವನು ಅದೇ ನಮ್ಮ ಆಬಿದ್. ಬೆಲೆ 46 ಲಕ್ಷ ರೂಪಾಯಿ ಎಂದು ನಿಶ್ಚಯವಾಗಿ, ಅರ್ಧ ಹಣವಾದ 23 ಲಕ್ಷವನ್ನು ಮುಂಗಡವಾಗಿ ಕಟ್ಟಲಾಯಿತು. ಖಜಾನೆ ಬರಿದಾಗಿರುವಾಗ ಇದೇನೆಂದು ರೆಸಿಡೆಂಟರು ಅಡ್ಡ ಬಂದರು. ಪ್ರಭುಗಳು ವಜ್ರ ಬೇಡವೆಂದರು. ಹಣ ಹಿಂದಕ್ಕೆ ಬರಲಿಲ್ಲ. ಮೊಕದ್ದಮೆ ಕಲ್ಕತ್ತೆಯ ಹೈಕೋರ್ಟನ್ನು ಸೇರಿತು. ದೇಶದ ಅತಿ ದೊಡ್ಡ ಸಂಸ್ಥಾನದ ಅಧಿಪತಿಗಳು ಕಮಿಷನಿನ ಎದುರು ಕುಳಿತು ವಕೀಲರ ಪ್ರಶ್ನೆಗಳಿಗೆ ಉತ್ತರಿಸಬೇಕಾಯಿತು. ಜೇಕಬನು ಬಿಡುಗಡೆ ಹೊಂದಿದನು. ಆದರೆ ವ್ಯಾಪಾರ ನೆಲಕಚ್ಚಿ, 1921ರಲ್ಲಿ ಮುಂಬಯಿಯಲ್ಲಿ ದರಿದ್ರನಾಗಿ ಸತ್ತನು. ವಜ್ರವು ಕಡೆಗೆ ನಿಜಾಮರಿಗೇ ಉಳಿಯಿತು. ಅವರು ಅದನ್ನು ಕಣ್ಣೆತ್ತಿ ನೋಡಲಿಲ್ಲವಂತೆ. ಅವರು ತೀರಿಕೊಂಡ ಮೇಲೆ ಮಗ ಉಸ್ಮಾನ್ ಅಲೀ ಖಾನರಿಗೆ ಅದು ತಂದೆಯ ಹಳೆಯ ಪಾದರಕ್ಷೆಯೊಳಗೆ ಸಿಕ್ಕಿತೆಂದೂ, ಅವರು ಅದನ್ನು ಕಾಗದದ ಮೇಲಿಡುವ ಕಲ್ಲಾಗಿ ಬಳಸಿದರೆಂದೂ ಹೇಳುತ್ತಾರೆ. ಸುಮಾರು 184 ಕ್ಯಾರೆಟ್ಟಿನ ಆ ವಜ್ರವನ್ನು ನಿಜಾಮರ ಇತರ ಆಭರಣಗಳೊಡನೆ ಭಾರತ ಸರ್ಕಾರ 1995ರಲ್ಲಿ ಕೊಂಡುಕೊಂಡಿತು.

1902ರಲ್ಲಿ ಇನ್ನೊಂದು ಪೆಟ್ಟು. ಲಾರ್ಡ್ ಕರ್ಜನ್ ಇಲ್ಲಿಗೆ ಬಂದು, ವರ್ಷಕ್ಕೆ 25 ಲಕ್ಷ ರೂಪಾಯಿಗೆ ಬೇರಾರ್ ಪ್ರಾಂತವನ್ನು ಶಾಶ್ವತ ಗೇಣಿಗೆ ಬರೆಸಿಕೊಂಡರು. ಸಾಲಾರ್ ಜಂಗರು ಮರಳಿ ಪಡೆಯಲು ಹೆಣಗಿದ ಸೀಮೆ ಅದು.

ನಾವು ಮೊಅಜ್ಜಂ ಜಾಹಿ ಮಾರುಕಟ್ಟೆಯನ್ನು ದಾಟಿ, ಅಫ್ಜಲ್ ಗಂಜಿನ ಗದ್ದಲವನ್ನು ಹಾಯ್ದು, ನಯಾ ಪೂಲಿನ ಮೇಲೆ ಬರುವ ಹೊತ್ತಿಗೆ ಹೆರಾಲ್ಡಿನ ರೇಡಿಯೇಟರು ಕುದಿಯತೊಡಗಿತು. ಮಿತ್ರರು ಇಳಿದು ಮುಂಭಾಗವನ್ನು ಇಡಿಯಾಗಿ ಮುಂದಕ್ಕೆ ಎತ್ತಿದರು. ಆ ಗಾಡಿಯ ಬಾನೆಟ್ಟು ಮಡ್‌ಗಾರ್ಡುಗಳ ಸಮೇತ ದೊಡ್ಡ ಇಡ್ಲಿ ಹಂಡೆಯ ಮುಚ್ಚಳದಂತೆ ಏಳುತ್ತದೆ. ಹಬೆಯೂ ಹಾಗೆಯೇ ಎದ್ದಿತು. ಹಿಂದಿನಿಂದ ಆಟೋಗಳ ಹಾರನ್ನು. ಎಂಜಿನು ತಣಿಯುವ ತನಕ ಸೇತುವೆಯ ಕಟ್ಟೆಗೆ ಒರಗಿ ಮೂಸಿಯನ್ನು ನೋಡುತ್ತ ನಿಂತೆವು. ಇಂದು ಕಪ್ಪು ನೀರಿನ ಸಣ್ಣ ಹರಿವು. 1908ರ ಸೆಪ್ಟೆಂಬರ್ 28ರಂದು ಇದೇ ನದಿ ಮೂರು ಸೇತುವೆಗಳನ್ನು ಕೊಚ್ಚಿ, ಸುಮಾರು 15,000 ಪ್ರಾಣಗಳನ್ನು ಆಹುತಿ ತೆಗೆದುಕೊಂಡಿತು. ಪುರಾನಾ ಪೂಲ್ ಒಂದೇ ಉಳಿಯಿತು. ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಹುಣಿಸೆಯ ಮರವನ್ನೇರಿ 150 ಮಂದಿ ಬದುಕಿದರು; ಆ ಮರ ಸೇತುವೆಯಿಂದ ನಡೆದುಹೋಗುವಷ್ಟು ಹತ್ತಿರದಲ್ಲಿದೆ.

ಮಹಬೂಬ್ ಪಾಷಾ ಅವರ ಹೆಸರು ಜನಮನದಲ್ಲಿ ನಿಂತದ್ದು ಆ ದಿನಗಳಲ್ಲಿ ಎಂದು ನಮ್ಮ ಅಭಿಪ್ರಾಯ. ಇರುಳಿನ ಪ್ರಭುಗಳು ಹಗಲಿನಲ್ಲಿ ಹೊರಬಂದರು. ಮನೆ ಕಳೆದುಕೊಂಡವರಿಗೆ ಅರಮನೆಗಳ ಬಾಗಿಲು ತೆರೆಸಿದರು. ಅನ್ನಛತ್ರಗಳನ್ನು ನಡೆಸಿದರು. ನದಿಯ ಕೋಪವಿಳಿಯಲು ಹಿಂದೂಗಳ ಪದ್ಧತಿಯಂತೆ ಬಾಗಿನ ಅರ್ಪಿಸಿದರೆಂಬ ಕಥೆಯೂ ಇದೆ. ಅದಕ್ಕಿಂತ ಮಿಗಿಲಾದ ಕಾರ್ಯವೆಂದರೆ, ಇಂಥ ಪ್ರಳಯ ಮರುಕಳಿಸದಂತೆ ಉಪಾಯ ಹೇಳಲು ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ಅವರ ಸರ್ಕಾರ ಕರೆಸಿಕೊಂಡದ್ದು. ಮುಂಬಯಿ ಸರ್ಕಾರದ ನೌಕರಿಯನ್ನು ಬಿಟ್ಟಿದ್ದ ವಿಶ್ವೇಶ್ವರಯ್ಯನವರು 1909ರ ಏಪ್ರಿಲಿನಲ್ಲಿ ಬಂದು, ಮೂಸಿ ಮತ್ತು ಈಸಿ ನದಿಗಳಿಗೆ ಪಟ್ಟಣದ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಬೇಕೆಂದು ಯೋಜನೆ ಕೊಟ್ಟು, ಅದೇ ವರ್ಷದ ಕೊನೆಗೆ ಮೈಸೂರಿನ ಮುಖ್ಯ ಎಂಜಿನಿಯರರಾಗಿ ಹೋದರು. ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಪೂರ್ಣಗೊಂಡವು. ಕೆಲಸಕ್ಕೆ ಕರೆಸಿದವರ ಹೆಸರು ಯಾವುದಕ್ಕೂ ಇಡಲಿಲ್ಲ; ಮಗನ ಹೆಸರು, ಮೊಮ್ಮಗನ ಹೆಸರು ನಿಂತವು.

ಎಂಜಿನು ತಣಿದ ಮೇಲೆ ದೋಸೆಯ ಹಿರಿಯರು ಬಾಟಲಿಯ ನೀರು ಹೊಯ್ದರು. ಚಾರ್ ಮಿನಾರಿನ ಸುತ್ತ ಈಗ ಗಾಡಿಗಳಿಗೆ ಎಡೆಯಿಲ್ಲ. ಬಳಸುದಾರಿಯಿಂದ ಖಿಲ್ವತಿಗೆ ಬಂದೆವು. ಶುಕ್ರವಾರ ಅರಮನೆಗೆ ರಜೆಯೆಂಬುದನ್ನು ಹೋಗುವವರು ನೆನಪಿನಲ್ಲಿಡಬೇಕು.

ಮೋಟಾರು ಗಾಜಿನ ಹಿಂದೆ ನಿಂತಿದೆ. 1911ರಲ್ಲಿ ಮಹಬೂಬ್ ಪಾಷಾ ಅವರು ಇಂಗ್ಲೆಂಡಿನ ರೋಲ್ಸ್ ರಾಯ್ಸ್ ಕಂಪೆನಿಗೆ ಆರ್ಡರು ಕೊಟ್ಟ ಸಿಲ್ವರ್ ಘೋಸ್ಟ್. ಆರು ಸಿಲಿಂಡರಿನ ಎಂಜಿನು ಕಂಪೆನಿಯದು, ಮೇಲಿನ ಕಟ್ಟಡ ಲಂಡನ್ನಿನ ಬಾರ್ಕರ್ ಕಂಪೆನಿಯದು. ಅರಿಶಿನದಂತಹ ಹಳದಿ ಬಣ್ಣ. ಹಿಂದಿನ ಆಸನ ಸಿಂಹಾಸನದಂತೆ ಎತ್ತರ. ದರ್ಬಾರು ಮೆರವಣಿಗೆಗಳಲ್ಲಿ ಪ್ರಜೆಗಳಿಗೆ ಪ್ರಭುಗಳು ಕಾಣಲೆಂದು. ಆ ವರ್ಷ ಡಿಸೆಂಬರಿನಲ್ಲಿ ದಿಲ್ಲಿಯಲ್ಲಿ ಐದನೆಯ ಜಾರ್ಜರ ದರ್ಬಾರಿತ್ತು. ಆದರೆ ಆಗಸ್ಟ್ 29ರಂದು, ನಲವತ್ತೈದು ತುಂಬಿದ ಕೆಲವೇ ದಿನಗಳಲ್ಲಿ, ಫಲಕ್‌ನುಮಾ ಅರಮನೆಯಲ್ಲಿ ಮಹಬೂಬ್ ಅಲೀ ಖಾನರು ಕಣ್ಮುಚ್ಚಿದರು. ಮಕ್ಕಾ ಮಸೀದಿಯಲ್ಲಿ ಅವರ ಸಮಾಧಿಯಿದೆ. ಗಾಡಿ ಊರಿಗೆ ಬಂದದ್ದು ಆಮೇಲೆ. ಮಗ ಅದನ್ನು ವಿಶೇಷ ಸಂದರ್ಭಗಳಿಗೆ ಮಾತ್ರ ಹೊರತೆಗೆದರು; ದಶಕಗಳಲ್ಲಿ ಅದು ಓಡಿದ್ದು ಬರೇ 356 ಮೈಲಿ ಎಂದು ಲೆಕ್ಕ ಹೇಳುತ್ತಾರೆ. ಧರ್ಮಸ್ಥಳದ ಮೋಟಾರು ಸಂಗ್ರಹವನ್ನು ನೋಡಿದ ನಮ್ಮ ದಕ್ಷಿಣ ಕನ್ನಡದ ಹುಡುಗರು ಇದನ್ನೂ ಒಮ್ಮೆ ನೋಡಬೇಕು.

ಮಿತ್ರರು ಬಹಳ ಹೊತ್ತು ಚಕ್ರಗಳನ್ನೂ ದೀಪಗಳನ್ನೂ ಪರೀಕ್ಷಿಸಿದರು. ಇದರ ಎಂಜಿನನ್ನು ಬದಲಾಯಿಸುವ ಮಾತು ಅವರ ಬಾಯಿಂದ ಬರಲಿಲ್ಲ. ಹಿರಿಯರು ಮಾತ್ರ ಆ ಖಾಲಿ ಆಸನವನ್ನೇ ನೋಡುತ್ತಿದ್ದರು. ಸತ್ತಾಗ ಪ್ರಭುಗಳಿಗೆ ಎಷ್ಟು ವಯಸ್ಸೆಂದು ಎರಡು ಸಲ ಕೇಳಿದರು. ಅವರ ಹಿರಿಯ ಮಗ ಅದೇ ವಯಸ್ಸಿನಲ್ಲಿ ಹೋದದ್ದು ನಮಗೆ ಗೊತ್ತಿತ್ತು. ಉತ್ತರ ಹೇಳಿ ಸುಮ್ಮನಾದೆವು. ಹೊರಡುವಾಗ ಅವರು ಕೈಮುಗಿಯಲಿಲ್ಲ. ಗಾಜಿನ ಮೇಲೆ ಬಿದ್ದಿದ್ದ ಬೆರಳಿನ ಗುರುತನ್ನು ಹೆಗಲ ಟವೆಲಿನಿಂದ ಒರೆಸಿ ಬಂದರು.

ಹಿಂದಿರುಗುವಾಗ ಹೆರಾಲ್ಡು ಒಮ್ಮೆಲೇ ಸ್ಟಾರ್ಟಾಗಲಿಲ್ಲ. ಸಂಜೆಯ ತಿಂಡಿಯ ಹೊತ್ತಿಗೆ ಹಿರಿಯರು ಈಗಿನ ತಮ್ಮ ಹೋಟೆಲಿನಲ್ಲಿ ಕಲ್ಲಿನ ಮುಂದೆ ನಿಲ್ಲಬೇಕಾಗಿತ್ತು. ನಾವಿಬ್ಬರೂ ಇಳಿದು ಖಿಲ್ವತಿನ ರಸ್ತೆಯಲ್ಲಿ ಅದನ್ನು ಹಿಂದಿನಿಂದ ತಳ್ಳಿದೆವು. ಮೂರನೆಯ ತಳ್ಳಿಗೆ ಎಂಜಿನು ಹೊತ್ತಿತು. ನಾಲ್ಕು ಗಂಟೆಗೆ ಐದು ನಿಮಿಷವಿರುವಾಗ ಅಬಿಡ್ಸು ಸೇರಿದೆವು.