ದಿನದ ಚಿಂತನೆ: ನಡುಗಿದ ಭೂಮಿ, ಮರೆಯುವ ಮನಸ್ಸು



2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದಾಗ ನಾನು ನಾಲ್ಕು ದಿನ ನಿದ್ದೆಗೆಟ್ಟು ಬಟ್ಟೆ, ಹೊದಿಕೆ, ಅಕ್ಕಿ ಮೂಟೆ ಕಟ್ಟುವ ಕೆಲಸದಲ್ಲಿದ್ದೆ. ಮನೆ, ಆಸ್ತಿ ಯಾವುದೂ ನಮ್ಮದಲ್ಲ ಎಂದು ಆಗ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದೆ. ದೀಪಾವಳಿ ಬರುವಷ್ಟರಲ್ಲಿ ಊರಿನ ಸೈಟಿನ ಮೂರಡಿ ಜಾಗಕ್ಕಾಗಿ ಅಣ್ಣನ ಜೊತೆ ಜಗಳವಾಡುತ್ತಿದ್ದೆ. ಆ ನಾಚಿಕೆ ಇನ್ನೂ ಹೋಗಿಲ್ಲ. ಅದಕ್ಕೇ ಇವತ್ತು ಜಪಾನಿನ ಕಾಮೊ ನೊ ಚೋಮೆ ಅವರ ಬದುಕನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಚೋಮೆ ಹುಟ್ಟಿದ್ದು ಸುಮಾರು 1155ರಲ್ಲಿ, ಈಗಿನ ಕ್ಯೋಟೊ ನಗರದಲ್ಲಿ. ಅದು ಆಗ ರಾಜಧಾನಿ. ತಂದೆ ಶಿಮೊಗಾಮೊ ದೇವಾಲಯದ ಮುಖ್ಯಸ್ಥರು. ಚೋಮೆ ಇನ್ನೂ ಎಳೆಯರಿರುವಾಗಲೇ ತಂದೆ ತೀರಿಕೊಂಡರು. ಮನೆತನದ ಹುದ್ದೆ ಕೈತಪ್ಪಿತು. ಉಳಿದದ್ದು ಕವಿತೆ ಮತ್ತು ಸಂಗೀತ.

1177ರಲ್ಲಿ ಒಂದು ರಾತ್ರಿ ಗಾಳಿ ಜೋರಾಗಿದ್ದಾಗ ನಗರದ ಆಗ್ನೇಯ ಮೂಲೆಯಲ್ಲಿ ಬೆಂಕಿ ಹತ್ತಿತು. ರಾಜಧಾನಿಯ ಮೂರನೇ ಒಂದು ಭಾಗ ಸುಟ್ಟುಹೋಯಿತು. 1180ರಲ್ಲಿ ಸುಂಟರಗಾಳಿ ಬೀದಿ ಬೀದಿಗಳ ಮನೆಗಳನ್ನು ನೆಲಕ್ಕೆ ಕೆಡವಿತು. ಮರುವರ್ಷ ಮಳೆ ಕೈಕೊಟ್ಟು ಎರಡು ವರ್ಷ ಬರಗಾಲ ಬಂತು, ಅದರ ಹಿಂದೆಯೇ ಸಾಂಕ್ರಾಮಿಕ ರೋಗ. ಜನ ತಮ್ಮ ಮನೆಯನ್ನೇ ಕಿತ್ತು ಸೌದೆಯಾಗಿ ಮಾರಿದರು. ಮಾರಲು ಬಂದ ಸೌದೆಯಲ್ಲಿ ಚಿನ್ನದ ಲೇಪ ಹತ್ತಿದ ತುಂಡುಗಳೂ ಇದ್ದವು. ಹಸಿವು ತಾಳದವರು ದೇಗುಲಗಳಿಗೆ ನುಗ್ಗಿ ಬುದ್ಧನ ಮೂರ್ತಿಗಳನ್ನೇ ಒಡೆದು ತಂದಿದ್ದರು.

ಆ ಬರಗಾಲದಲ್ಲಿ ಚೋಮೆ ಇನ್ನೊಂದನ್ನು ಗಮನಿಸಿದರು. ಯಾರ ಪ್ರೀತಿ ಹೆಚ್ಚೋ ಅವರೇ ಮೊದಲು ಸಾಯುತ್ತಿದ್ದರು. ಸಿಕ್ಕ ತುತ್ತನ್ನು ಎದುರಿನವರಿಗೆ ಕೊಟ್ಟುಬಿಡುತ್ತಿದ್ದರು, ಅದಕ್ಕೆ. ಮನೆಗಳಲ್ಲಿ ತಂದೆ ತಾಯಿಯೇ ಮೊದಲು ಹೋದರು.

ಅದೇ ಕಾಲದಲ್ಲಿ ನಿನ್ನಾಜಿ ವಿಹಾರದ ರ್ಯೂಗ್ಯೊ ಎಂಬ ಭಿಕ್ಷು ಬೀದಿಗಿಳಿದರು. ಬಿದ್ದಿದ್ದ ಪ್ರತಿ ಹೆಣದ ಹಣೆಯ ಮೇಲೂ ‘ಅ’ ಎಂಬ ಒಂದು ಅಕ್ಷರ ಬರೆಯುತ್ತಾ ಹೋದರು. ನಮ್ಮ ದೇಶದಿಂದ ಹೋದ ಸಿದ್ಧಂ ಲಿಪಿಯ ಅಕ್ಷರ ಅದು. ನಮ್ಮ ಮಕ್ಕಳು ಸ್ಲೇಟಿನ ಮೇಲೆ ಮೊದಲು ತಿದ್ದುವ ಅದೇ ‘ಅ’. ಅವರ ಪಂಥದಲ್ಲಿ ಅದು ಹುಟ್ಟು ಸಾವಿಲ್ಲದ ಸತ್ಯದ ಗುರುತು. ಎರಡು ತಿಂಗಳಲ್ಲಿ, ನಗರದ ಪೂರ್ವ ಭಾಗವೊಂದರಲ್ಲೇ, ಲೆಕ್ಕ 42,300 ದಾಟಿತು.

1185ರಲ್ಲಿ ಭೂಕಂಪ. ಬೆಟ್ಟ ಕುಸಿದು ನದಿ ಮುಚ್ಚಿತು, ನೆಲ ಸೀಳಿ ನೀರು ಉಕ್ಕಿತು. ನಗರದ ಸುತ್ತ ಒಂದು ದೇಗುಲವೂ ಪೂರ್ತಿಯಾಗಿ ಉಳಿಯಲಿಲ್ಲ. ದಿನಕ್ಕೆ ಇಪ್ಪತ್ತು ಮೂವತ್ತು ಬಾರಿ ಭೂಮಿ ನಡುಗುತ್ತಿತ್ತು. ಬರಬರುತ್ತಾ ಕಡಿಮೆಯಾದರೂ ಪೂರ್ತಿ ನಿಲ್ಲಲು ಮೂರು ತಿಂಗಳು ಹಿಡಿಯಿತು. ಆಗ ಊರಿಗೆ ಊರೇ ಅನಿತ್ಯದ ಮಾತಾಡಿತು. ಮನಸ್ಸಿನ ಕೊಳೆ ಸ್ವಲ್ಪ ತೊಳೆದಂತೆ ಕಂಡಿತು. ಆದರೆ ವರ್ಷಗಳು ಉರುಳಿದ ಮೇಲೆ ಆ ಮಾತು ಎತ್ತುವವರೇ ಇಲ್ಲವಾದರು. ಬೆಂಕಿ, ಬರ, ಭೂಕಂಪಗಳಷ್ಟೇ ಈ ಮರೆವೂ ಚೋಮೆ ಅವರನ್ನು ಕಾಡಿತು.

ಹಾಗೆಂದು ಅವರು ಕೂಡಲೇ ಎಲ್ಲ ಬಿಟ್ಟು ಹೋಗಲಿಲ್ಲ. ನಿವೃತ್ತ ಚಕ್ರವರ್ತಿ ಗೋ-ತೋಬಾ ಅವರ ಕಾವ್ಯ ಕಚೇರಿಯಲ್ಲಿ ಕೆಲಸ ಮಾಡಿದರು. ಮನೆತನಕ್ಕೆ ಸೇರಿದ ಹುದ್ದೆಯೊಂದು ಮತ್ತೆ ಕೈಗೆ ಬಂದಂತಾಗಿ, ನೆಂಟರ ವಿರೋಧದಿಂದ ತಪ್ಪಿತು. ಆ ನೋವಿನ ನಂತರವೇ, ಐವತ್ತರ ಆಸುಪಾಸಿನಲ್ಲಿ, ತಲೆ ಬೋಳಿಸಿಕೊಂಡು ಭಿಕ್ಷುವಾದರು. ಕೊನೆಗೆ ಹಿನೊ ಬೆಟ್ಟದಲ್ಲಿ ಹತ್ತಡಿ ಉದ್ದ, ಹತ್ತಡಿ ಅಗಲದ ಗುಡಿಸಲು ಕಟ್ಟಿಕೊಂಡರು. ಬೇಡವೆನಿಸಿದರೆ ಬಿಚ್ಚಿ ಎರಡು ಗಾಡಿಗಳಲ್ಲಿ ಸಾಗಿಸಬಹುದಾದ ಮನೆ. ಒಳಗೆ ಅಮಿತಾಭ ಬುದ್ಧನ ಚಿತ್ರ, ಸದ್ಧರ್ಮಪುಂಡರೀಕ ಸೂತ್ರ, ಎರಡು ತಂತಿವಾದ್ಯ. ಜೊತೆಗೆ ಅಡ್ಡಾಡಲು ಬೆಟ್ಟದ ಕಾವಲುಗಾರನ ಹತ್ತು ವರ್ಷದ ಮಗ.

1212ರಲ್ಲಿ ಅಲ್ಲೇ ಕುಳಿತು ‘ಹೋಜೋಕಿ’ ಬರೆದರು. ಅದರ ಕೊನೆ ನನ್ನನ್ನು ಅಲ್ಲಾಡಿಸಿಬಿಟ್ಟಿತು. ಗುಡಿಸಲಿನ ನೆಮ್ಮದಿಯನ್ನೆಲ್ಲ ವಿವರಿಸಿದ ಮೇಲೆ, ಒಂದು ಬೆಳಗಿನ ಜಾವ ಚೋಮೆ ತಮ್ಮನ್ನೇ ಕೇಳಿಕೊಳ್ಳುತ್ತಾರೆ: ಯಾವುದಕ್ಕೂ ಅಂಟಿಕೊಳ್ಳಬಾರದೆಂದು ಬುದ್ಧರು ಕಲಿಸಿರುವಾಗ, ಈ ಗುಡಿಸಲಿನ ಮೇಲಿನ ಪ್ರೀತಿಯೂ ಅಂಟೇ ಅಲ್ಲವೇ? ಮನಸ್ಸು ಉತ್ತರ ಕೊಡಲಿಲ್ಲ. ಎರಡು ಮೂರು ಸಲ ಅಮಿತಾಭನ ಹೆಸರು ಹೇಳಿ ಸುಮ್ಮನಾದರು. 1216ರಲ್ಲಿ ತೀರಿಕೊಂಡರು.

ಮಿತ್ರರೇ, ವಿಪತ್ತು ತಾನಾಗಿಯೇ ನಮಗೆ ಧಮ್ಮ ಕಲಿಸುವುದಿಲ್ಲ. ಭಯದಲ್ಲಿ ಹೊಳೆದ ಅನಿತ್ಯ ಭಯ ಹೋದೊಡನೆ ಅಳಿಸಿಹೋಗುತ್ತದೆ. ಅದನ್ನು ದಿನವೂ ಅಭ್ಯಾಸ ಮಾಡಬೇಕು, ಅದೂ ಎರಡು ಕಡೆಯಿಂದ. ಒಂದು, ಚೋಮೆ ಅವರಂತೆ, ನಾನು ಗೆದ್ದೆ ಎಂದುಕೊಂಡಲ್ಲೇ ಅಂಟು ಉಳಿದಿದೆಯೇ ಎಂದು ನೋಡಿಕೊಳ್ಳುವುದು. ಇನ್ನೊಂದು, ರ್ಯೂಗ್ಯೊ ಅವರಂತೆ, ಎಲ್ಲರನ್ನೂ ಉಳಿಸಲಾಗದಿದ್ದರೂ ಒಬ್ಬೊಬ್ಬರ ಮುಂದೆ ಬಗ್ಗುವುದು.

ಇವತ್ತಿನ ಅಭ್ಯಾಸ: ಹತ್ತು ನಿಮಿಷ ಉಸಿರನ್ನು ಗಮನಿಸಿ ಕುಳಿತುಕೊಳ್ಳಿ. ಆಮೇಲೆ, ಹಿಂದೆ ಯಾವುದೋ ಮಳೆಯಲ್ಲಿ, ನೆರೆಯಲ್ಲಿ ಮನೆ ಕಳೆದುಕೊಂಡ ಒಬ್ಬರನ್ನು ನೆನಪಿಸಿಕೊಳ್ಳಿ. ಈಗ ಹೇಗಿದ್ದೀರಿ ಎಂದು ಫೋನ್ ಮಾಡಿ ಕೇಳಿ. ನಾನೂ ಒಬ್ಬರಿಗೆ ಮಾಡುತ್ತೇನೆ. ಅದಾದ ಮೇಲೆ ಅಣ್ಣನಿಗೂ ಮಾಡಬೇಕು. ಆ ಮೂರಡಿ ಜಾಗದ ಮಾತು ಇನ್ನೂ ಮುಗಿದಿಲ್ಲ.

ಎಲ್ಲರಿಗೂ ಒಳಿತಾಗಲಿ 🙏